ಹೆಮಿನ್ ಕರಗಿಸುವ ಮೂರು ದಾರಿಗಳು: ಕ್ಷಾರ, ಡಿಎಂಎಸ್‌ಒ, ಆಲ್ಬುಮಿನ್

ಪ್ರಯೋಗಾಲಯದಲ್ಲಿ ಹೆಮಿನ್, ಅಂದರೆ ರಕ್ತಕ್ಕೆ ಕೆಂಪು ಕೊಡುವ ಹೀಮಿನ ಕ್ಲೋರೈಡ್ ರೂಪ, ಕೈಗೆತ್ತಿಕೊಂಡವರಿಗೆ ಎದುರಾಗುವ ಮೊದಲ ತೊಡಕೆಂದರೆ ಅದು ನೀರಿನಲ್ಲಿ ಕರಗುವುದಿಲ್ಲ ಎಂಬುದು. ಪ್ರೋಟೊಪೋರ್ಫಿರಿನ್ ಉಂಗುರದ ನಡುವೆ +3 ಸ್ಥಿತಿಯ ಕಬ್ಬಿಣ, ಆ ಕಬ್ಬಿಣಕ್ಕೆ ಅಂಟಿದ ಒಂದು ಕ್ಲೋರೈಡ್, ಸುಮಾರು 652 ಅಣುತೂಕ: ಇಷ್ಟು ಖಚಿತವಾದ ರಚನೆಯುಳ್ಳ, 1929ರಲ್ಲೇ ಹಾನ್ಸ್ ಫಿಶರ್ ಕೃತಕವಾಗಿ ತಯಾರಿಸಿ ತೋರಿಸಿದ ಈ ವಸ್ತು, ದ್ರಾವಕ ಬದಲಾದ ಕೂಡಲೇ ಬೇರೆಯೇ ವಸ್ತುವಿನಂತೆ ವರ್ತಿಸತೊಡಗುತ್ತದೆ. ಬ್ಯಾಕ್ಟೀರಿಯಾ ಕೃಷಿ, ಕೆ562 ಎಂಬ ರಕ್ತಕ್ಯಾನ್ಸರ್ ಮೂಲದ ಜೀವಕೋಶಗಳು ಮತ್ತು ಡಿಎನ್‌ಎ ಆಧಾರಿತ ಪೆರಾಕ್ಸಿಡೇಸ್ (ಪೆರಾಕ್ಸೈಡ್ ಬಳಸಿ ಇತರ ವಸ್ತುಗಳನ್ನು ಆಕ್ಸಿಡೀಕರಿಸುವ ಕಿಣ್ವ) ಪ್ರಯೋಗಗಳಲ್ಲಿ ನಾನು ಕ್ಷಾರ, ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ಸಾವಯವ ದ್ರಾವಕ) ಮತ್ತು ರಕ್ತದ ಪ್ರೋಟೀನಾದ ಆಲ್ಬುಮಿನ್ ಈ ಮೂರರಲ್ಲೂ ಹೆಮಿನ್ ಬಳಸಿ ನೋಡಿದ್ದೇನೆ. ಯಾವುದು ಉತ್ತಮ ಎಂಬ ಪ್ರಶ್ನೆಗೆ ಯಾವ ಕೆಲಸಕ್ಕೆ ಎಂಬ ಮರುಪ್ರಶ್ನೆಯಿಲ್ಲದೆ ಉತ್ತರ ಕೊಡಲು ಬರುವುದಿಲ್ಲ.

ಸೋಡಿಯಂ ಹೈಡ್ರಾಕ್ಸೈಡ್ ಹಳೆಯ ದಾರಿ, ಅಗ್ಗದ ದಾರಿಯೂ ಹೌದು. 50 ಮಿಲಿಗ್ರಾಂ ಹೆಮಿನನ್ನು 1 ಮಿಲಿಲೀಟರ್ 1 ನಾರ್ಮಲ್ ಕ್ಷಾರದಲ್ಲಿ ಕರಗಿಸಿ, ನೀರು ಸೇರಿಸಿ 100 ಮಿಲಿಲೀಟರಿಗೆ ತಂದು, ಅದರಲ್ಲಿ 10 ಮಿಲಿಲೀಟರನ್ನು ಒಂದು ಲೀಟರ್ ಮಾಧ್ಯಮಕ್ಕೆ ಹಾಕಿದರೆ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಸಿಗುತ್ತದೆ. ಆಮ್ಲಜನಕ ಸಹಿಸದ ಬ್ಯಾಕ್ಟೀರಿಯಾಗಳಿಗೆ ರೂಢಿಯಲ್ಲಿರುವ ಪ್ರಮಾಣ ಇದೇ. ವಸಡಿನ ರೋಗಕ್ಕೆ ಸಂಬಂಧಿಸಿದ ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಆಗಲಿ, ಹೆಮಿನನ್ನು ‘ಎಕ್ಸ್ ಅಂಶ’ವೆಂದು ಬೇಡುವ ಹಿಮೊಫಿಲಸ್ ಇನ್‌ಫ್ಲುಯೆಂಜೆ ಆಗಲಿ, ಹೆಮಿನ್ ಯಾವ ರೂಪದಲ್ಲಿ ಬಂತೆಂದು ಹೆಚ್ಚು ತಕರಾರು ಮಾಡುವುದಿಲ್ಲ. ಈ ಕೆಲಸಕ್ಕೆ ಬೇರೆ ದ್ರಾವಕ ಹುಡುಕುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ.

ಆದರೆ ಕ್ಷಾರದಲ್ಲಿ ಹೆಮಿನ್ ಹೆಮಿನ್ ಆಗಿಯೇ ಉಳಿಯುವುದಿಲ್ಲ. ಕ್ಲೋರೈಡಿನ ಜಾಗಕ್ಕೆ ಹೈಡ್ರಾಕ್ಸೈಡ್ ಬಂದು ಅದು ಹೆಮಾಟಿನ್ ಆಗುತ್ತದೆ, ಅಣುಗಳು ಜೋಡಿಗೂಡುತ್ತವೆ, ಬೆಳಕಿನ ಹೀರಿಕೆಯ ಮುಖ್ಯ ಶಿಖರ 385 ನ್ಯಾನೊಮೀಟರಿನ ಸುತ್ತ ಅಗಲವಾಗಿ ಹರಡಿಕೊಳ್ಳುತ್ತದೆ. ಪಿಎಚ್ ಅನ್ನು ತಟಸ್ಥದ ಕಡೆಗೆ ಅವಸರದಿಂದ ಇಳಿಸಿದರೆ ಕಂದು ಗಸಿ ಕೂರುತ್ತದೆ; 0.22 ಮೈಕ್ರೋಮೀಟರ್ ಸೋಸಕದಲ್ಲಿ ಹಾಯಿಸಿದರೆ ಬಣ್ಣದ ಒಂದು ಪಾಲು ಸೋಸಕದ ಮೇಲೆಯೇ ಉಳಿದಿರುವುದು ಕಣ್ಣಿಗೇ ಕಾಣುತ್ತದೆ. ಅಂದರೆ ತೂಗಿ ಹಾಕಿದ ಪ್ರಮಾಣಕ್ಕೂ ಜೀವಕೋಶಕ್ಕೆ ತಲುಪುವ ಪ್ರಮಾಣಕ್ಕೂ ತಾಳೆಯಾಗಬೇಕೆಂದಿಲ್ಲ. ಕ್ಷಾರದ ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಬೇಕೆಂಬ ನಿಯಮವನ್ನು ನಾನು ಸಡಿಲಿಸುವುದಿಲ್ಲ.

ಡಿಎಂಎಸ್‌ಒದಲ್ಲಿ ಚಿತ್ರವೇ ಬೇರೆ. ಅಲ್ಲಿ ಅಣುಗಳು ಒಂಟಿಯಾಗಿರುತ್ತವೆ, ಶಿಖರ 404 ನ್ಯಾನೊಮೀಟರಿನಲ್ಲಿ ಚೂಪಾಗಿ ನಿಲ್ಲುತ್ತದೆ, ಆದ್ದರಿಂದ ಸಾಂದ್ರತೆಯನ್ನು ಹೀರಿಕೆಯಿಂದಲೇ ನಂಬಿಕೆಯಿಂದ ಲೆಕ್ಕ ಹಾಕಬಹುದು. ಗ್ವಾನಿನ್ ಹೇರಳವಾಗಿರುವ ಡಿಎನ್‌ಎ ಎಳೆ ಪೊಟ್ಯಾಸಿಯಂ ಸಮ್ಮುಖದಲ್ಲಿ ನಾಲ್ಕೆಳೆಯಾಗಿ ಮಡಚಿಕೊಂಡು ಹೆಮಿನನ್ನು ಹಿಡಿದಾಗ ಆ ಜೋಡಿ ಪೆರಾಕ್ಸಿಡೇಸ್‌ನಂತೆ ಕೆಲಸ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಇದ್ದಾಗ ಎಬಿಟಿಎಸ್ ಎಂಬ ವಸ್ತುವನ್ನು ಹಸಿರಾಗಿಸುತ್ತದೆ. ಬಿಡಿ ಹೆಮಿನಿಗೂ ಇದೇ ಗುಣ ಅಲ್ಪವಾಗಿ ಇರುವುದರಿಂದ ಡಿಎನ್‌ಎ ಇಲ್ಲದ ಖಾಲಿ ಮಾದರಿಯ ಬಣ್ಣವೇ ಇಲ್ಲಿ ಪ್ರಯೋಗದ ಹಣೆಬರಹ. ಕ್ಷಾರದ ದ್ರಾವಣ ಬಳಸಿದಾಗ ಆ ಬಣ್ಣ ದಿನದಿಂದ ದಿನಕ್ಕೆ ಏರಿಳಿಯುತ್ತಿತ್ತು. ಡಿಎಂಎಸ್‌ಒ ದ್ರಾವಣದಲ್ಲಿ, ಒಂದಿಷ್ಟು ಟ್ರೈಟಾನ್ ಎಂಬ ಮಾರ್ಜಕ ಸೇರಿಸಿದ ಮೇಲಂತೂ, ಸ್ಥಿರವಾಗಿ ಉಳಿಯಿತು. ಸಣ್ಣ ಪಾಲುಗಳಾಗಿ ಹಂಚಿ, ಬೆಳಕು ತಾಗದಂತೆ ಹಾಳೆ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿ ಇಡಬಹುದು. ಡಿಎಂಎಸ್‌ಒ 18.5 ಡಿಗ್ರಿಯಲ್ಲೇ ಗಟ್ಟಿಯಾಗುವುದರಿಂದ ಪೂರ್ತಿ ಕರಗಿಸಿ ಅಲುಗಾಡಿಸದೆ ಬಳಸಬಾರದು, ಮತ್ತು ಅದು ಗಾಳಿಯ ತೇವ ಹೀರುತ್ತದೆ ಎಂಬುದನ್ನು ಮಳೆಗಾಲದಲ್ಲಿ ಮರೆಯಬಾರದು.

ಜೀವಕೋಶಗಳ ವಿಷಯದಲ್ಲಿ ಮಾತ್ರ ಡಿಎಂಎಸ್‌ಒವನ್ನು ನಾನು ಕಣ್ಣು ಮುಚ್ಚಿ ಆರಿಸುವುದಿಲ್ಲ. ಇಲಿಯ ಎರಿತ್ರೊಲ್ಯುಕೀಮಿಯಾ (ಕೆಂಪು ರಕ್ತಕಣಗಳ ಪೂರ್ವಕೋಶಗಳ ಕ್ಯಾನ್ಸರ್) ಜೀವಕೋಶಗಳು ಶೇಕಡಾ ಎರಡರಷ್ಟು ಡಿಎಂಎಸ್‌ಒ ಸೋಕಿದರೆ ತಾವಾಗಿಯೇ ಹಿಮೊಗ್ಲೋಬಿನ್ ತಯಾರಿಸುತ್ತವೆ ಎಂಬುದನ್ನು ಶಾರ್ಲೆಟ್ ಫ್ರೆಂಡ್ ಮತ್ತು ಸಂಗಡಿಗರು 1971ರಲ್ಲೇ ತೋರಿಸಿದ್ದಾರೆ. ಪರೀಕ್ಷಿಸಬೇಕಾದ ಪರಿಣಾಮವನ್ನೇ ದ್ರಾವಕವೂ ಉಂಟುಮಾಡಬಲ್ಲದಾದರೆ, ಅದರ ಪ್ರಮಾಣವನ್ನು ತೀರ ಕೆಳಗಿಡುವುದಷ್ಟೇ ಅಲ್ಲ, ಬರೀ ದ್ರಾವಕ ಹಾಕಿದ ಹೋಲಿಕೆ ಮಾದರಿಯೂ ಬೇಕೇ ಬೇಕು. ಮಾನವ ಮೂಲದ ಕೆ562ರಲ್ಲಿ ನಾನು ಕ್ಷಾರದ ಹೊಸ ದ್ರಾವಣವನ್ನು ಸೀರಮ್ ಇರುವ ಮಾಧ್ಯಮಕ್ಕೆ ಹನಿಹನಿಯಾಗಿ ಬೆರೆಸುತ್ತೇನೆ. 20ರಿಂದ 50 ಮೈಕ್ರೋಮೋಲಾರ್ ಹೆಮಿನಿಗೆ ಕೆಲವು ದಿನಗಳಲ್ಲಿ ಹಿಮೊಗ್ಲೋಬಿನ್ ತಯಾರಾಗಿ ಜೀವಕೋಶಗಳ ಗುಪ್ಪೆ ಕೆಂಪೇರುತ್ತದೆ.

ಸೀರಮ್ಮಿನ ಆಲ್ಬುಮಿನ್ ಇಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಮೂರನೆಯ ದಾರಿ ಎರಡನೆಯದಕ್ಕಿಂತ ಹೆಚ್ಚು ಸಹಜ. ಮೊದಲೇ ಆಲ್ಬುಮಿನಿಗೆ ಕಟ್ಟಿದ ಹೆಮಿನ್ ತಟಸ್ಥ ಪಿಎಚ್‌ನಲ್ಲಿ ಗಸಿಯಾಗದೆ ನಿಲ್ಲುತ್ತದೆ ಮತ್ತು ಜೀವಕೋಶದ ಪೊರೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಸೀರಮ್ ಇಲ್ಲದ ಮಾಧ್ಯಮದಲ್ಲಿ ಅದೇ ಪ್ರಮಾಣದ ಬಿಡಿ ಹೆಮಿನ್ ಜೀವಕೋಶಗಳನ್ನು ಕೊಲ್ಲಬಲ್ಲದು. ಬೆಲೆಯೂ ಇದೆ: ಹೆಮಿನ್ ಒಳಹೋಗುವುದು ನಿಧಾನ. ಹೆಮಿನ್ ಬ್ಯಾಕ್1 ಎಂಬ ಪ್ರೋಟೀನಿನ ತಡೆಯನ್ನು ಸಡಿಲಿಸಿ ಹೀಮನ್ನು ಒಡೆಯುವ ಹೀಮ್ ಆಕ್ಸಿಜನೇಸ್-1 ಕಿಣ್ವವನ್ನು ಎಬ್ಬಿಸುವುದನ್ನು ಗಂಟೆಗಳ ಲೆಕ್ಕದಲ್ಲಿ ಅಳೆಯುವವರು ಈ ವಿಳಂಬವನ್ನು ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು.

ಯಾವ ದಾರಿ ಹಿಡಿದರೂ ಒಂದು ಪರೀಕ್ಷೆ ಸಾಮಾನ್ಯವಾಗಿರಲಿ: ಕ್ಷಾರ, ಪಿರಿಡಿನ್ ಮತ್ತು ಡೈಥಯೊನೈಟ್ ಸೇರಿಸಿ 557 ನ್ಯಾನೊಮೀಟರಿನ ಬಳಿಯ ಶಿಖರ ಅಳೆದರೆ, ಮೂಲ ದ್ರಾವಕ ಯಾವುದೇ ಇರಲಿ, ನಿಜವಾದ ಹೀಮ್ ಪ್ರಮಾಣ ತಿಳಿಯುತ್ತದೆ. ಪಿರಿಡಿನ್ ವಾಸನೆಗೆ ಹೆದರಿ ಇದನ್ನು ಬಿಡುವವರೇ ಹೆಚ್ಚು.

ಆಸ್ಪತ್ರೆಯ ಔಷಧಿಯೂ ಇದೇ ಪೇಚಿನಲ್ಲಿ ಸಿಲುಕಿದೆ; ಅದನ್ನು ನಾನು ಬಳಸಿದವನಲ್ಲ, ರಸಾಯನಶಾಸ್ತ್ರದ ಕಣ್ಣಿಂದ ನೋಡುತ್ತಿದ್ದೇನೆ. ಹೀಮ್ ತಯಾರಿಕೆಯ ದೋಷದಿಂದ ಬರುವ ತೀವ್ರ ಪೋರ್ಫಿರಿಯಾ ರೋಗದ ದಾಳಿಯಲ್ಲಿ ಹೆಮಿನನ್ನು ರಕ್ತನಾಳಕ್ಕೆ ಕೊಟ್ಟರೆ ಅದು ಹೀಮ್ ತಯಾರಿಕೆಯ ಮೊದಲ ಹಂತವನ್ನು ನಡೆಸುವ ಯಕೃತ್ತಿನ ಎಎಲ್ಎಎಸ್1 ಕಿಣ್ವವನ್ನು ತಗ್ಗಿಸಿ ವಿಷಕಾರಿ ಪೂರ್ವವಸ್ತುಗಳ ಉತ್ಪಾದನೆಗೆ ಕಡಿವಾಣ ಹಾಕುತ್ತದೆ. ಅಮೆರಿಕದಲ್ಲಿ 1983ರಲ್ಲಿ ಅನುಮತಿ ಪಡೆದ ಪ್ಯಾನ್‌ಹೆಮಟಿನ್ ನೀರಿನಲ್ಲಿ ಕಲಸಿದೊಡನೆ ಕೆಡತೊಡಗುತ್ತದೆ ಮತ್ತು ರಕ್ತನಾಳದ ಉರಿಯೂತ ಉಂಟುಮಾಡಬಲ್ಲದು, ಆದಕಾರಣ ಅನೇಕ ವೈದ್ಯರು ಅದನ್ನು ಆಲ್ಬುಮಿನಿನಲ್ಲಿ ಕಲಸಿ ಕೊಡುತ್ತಾರೆ. ಯುರೋಪಿನ ನಾರ್ಮೊಸ್ಯಾಂಗ್ ಹೆಮಿನನ್ನು ಆರ್ಜಿನಿನ್ ಜೊತೆ ಸೇರಿಸಿ ಸ್ಥಿರಗೊಳಿಸಿದ ರೂಪ. ದಿನಕ್ಕೆ ಕಿಲೋಗ್ರಾಂ ತೂಕಕ್ಕೆ 3 ಮಿಲಿಗ್ರಾಂನಂತೆ ನಾಲ್ಕು ದಿನ ಕೊಡುತ್ತಾರೆ. ಶೀಷೆಯಲ್ಲೇ ಸ್ಥಿರತೆ ಸಾಧಿಸಿದ ಎರಡನೆಯದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಆದರೆ ಎರಡರಲ್ಲೂ ಹೆಮಿನಿನ ತೂಕದ ಸುಮಾರು ಶೇಕಡಾ 8.5 ಕಬ್ಬಿಣವೇ ಆದ್ದರಿಂದ ಮತ್ತೆಮತ್ತೆ ಪಡೆಯುವವರಲ್ಲಿ ಕಬ್ಬಿಣ ಶೇಖರಣೆಯಾಗುವ ತೊಂದರೆ ಸಮಾನ. 2019ರಲ್ಲಿ ಬಂದ ಗಿವೊಸಿರಾನ್ ಅದೇ ಕಿಣ್ವವನ್ನು ಆರ್‌ಎನ್‌ಎ ಮಟ್ಟದಲ್ಲಿ ತಡೆದು ದಾಳಿಗಳನ್ನು ಕಡಿಮೆ ಮಾಡುತ್ತದೆ. ಶುರುವಾಗಿಬಿಟ್ಟ ದಾಳಿಗೆ ಇವತ್ತಿಗೂ ಹೆಮಿನ್ನೇ ಮುಖ್ಯ ಔಷಧಿ.