ಪೀಣ್ಯದಲ್ಲಿ ಮುದ್ರಿಸಿಕೊಂಡ ಮೋಲ್ಡ್ ಇನ್ಸರ್ಟ್: ಒಳಗಿನ ಉಕ್ಕು, ಮೇಲಿನ ಲೇಪ

ಗ್ಲಾಸ್ ಫಿಲ್ಡ್ ನೈಲಾನ್ ಭಾಗಗಳನ್ನು ತೆಗೆಯುವ ನಮ್ಮ ಮೋಲ್ಡಿಗೆ ಬೆಂಗಳೂರಿನ ಪೀಣ್ಯದ ಒಂದು ಮೆಟಲ್ ತ್ರೀಡಿ ಪ್ರಿಂಟಿಂಗ್ ಘಟಕದಿಂದ ಎರಡು ಇನ್ಸರ್ಟ್ (ಅಚ್ಚಿನೊಳಗೆ ಕೂರಿಸುವ, ಭಾಗಕ್ಕೆ ಆಕಾರ ಕೊಡುವ ಉಕ್ಕಿನ ತುಂಡು) ಮಾಡಿಸಿಕೊಂಡೆವು. ಡ್ರಿಲ್ಲಿನಿಂದ ಕೊರೆಯಲಾಗದ ಬಾಗುದಾರಿಗಳಲ್ಲಿ ತಣ್ಣೀರು ಹರಿಯಬೇಕಾದ್ದರಿಂದ ಪ್ರಿಂಟಿಂಗ್ ಬೇಕಿತ್ತು. ನೈಲಾನಿನೊಳಗಿನ ಗಾಜಿನ ಎಳೆಗಳು ಗೇಟಿನ (ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗುವ ಕಿಂಡಿ) ಬಳಿಯ ಉಕ್ಕನ್ನು ಅರದ ಹಾಗೆ ಉಜ್ಜುವುದರಿಂದ ಮೇಲೆ ಬಂಗಾರದ ಬಣ್ಣದ, ಗಡಸಾದ ಟೈಟಾನಿಯಂ ನೈಟ್ರೈಡ್ ಕೋಟಿಂಗ್ ಬೇಕಿತ್ತು. ಎರಡು ಕೆಲಸಗಳನ್ನೂ ಅದೇ ಘಟಕ ಒಪ್ಪಿಕೊಂಡಿತು.

ಪ್ರಿಂಟಿಂಗ್ ವಿಷಯದಲ್ಲಿ ನನಗೆ ಪೂರ್ಣ ಸಮಾಧಾನವಿದೆ. ಬಳಸಿದ್ದು ಮ್ಯಾರೇಜಿಂಗ್ ಉಕ್ಕು: ಇದರಲ್ಲಿ ಸುಮಾರು ಶೇ. 18ರಷ್ಟು ನಿಕ್ಕಲ್ ಇರುತ್ತದೆ, ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. (ಪಿಎಸ್‌ಎಲ್‌ವಿಯ ಮೊದಲ ಹಂತದ ಮೋಟಾರ್ ಕವಚವೂ ಇದೇ ಜಾತಿಯ ಉಕ್ಕಿನದು.) ಇನ್ಸರ್ಟಿನ ಜೊತೆಗೇ ಮುದ್ರಿಸಿಕೊಟ್ಟ ಮಾದರಿ ತುಂಡನ್ನು ಕೊಯ್ದು, ಪಾಲಿಶ್ ಮಾಡಿ, ಆಮ್ಲದಲ್ಲಿ ಎಚ್ ಮಾಡಿ (ಒಳರಚನೆ ಕಾಣುವಂತೆ ಮೇಲ್ಮೈಯನ್ನು ತುಸು ಕರಗಿಸಿ) ಸೂಕ್ಷ್ಮದರ್ಶಕದಡಿ ಇಟ್ಟಾಗ, ಲೇಸರ್ ಕರಗಿಸಿದ ಒಂದೊಂದು ಗೆರೆಯ ಗುರುತೂ ಮೀನಿನ ಹುರುಪೆಯಂತೆ ಸಾಲುಸಾಲಾಗಿ ಕಂಡಿತು. ಪದರಗಳ ನಡುವೆ ಬೆಸೆಯದೆ ಉಳಿದ ಬಿರುಕುರಂಧ್ರ ಒಂದೂ ಇರಲಿಲ್ಲ. ಮುದ್ರಿಸಿದಾಗ 36 ಎಚ್‌ಆರ್‌ಸಿ (ರಾಕ್‌ವೆಲ್ ಗಡಸುತನದ ಅಳತೆ) ಇದ್ದ ಗಡಸುತನ, 490 ಡಿಗ್ರಿ ಸೆಲ್ಸಿಯಸ್‌ನಲ್ಲಿ 6 ಗಂಟೆ ಏಜಿಂಗ್ (ಗಡಸಾಗಲು ಕಾವಿನಲ್ಲಿಡುವುದು) ಮಾಡಿದ ಮೇಲೆ 53ಕ್ಕೆ ಏರಿತು. ಆ ಕಾವಿನಲ್ಲಿ ನಿಕ್ಕಲ್, ಟೈಟಾನಿಯಂ, ಮಾಲಿಬ್ಡಿನಂ ಕೂಡಿ ಅತಿಸಣ್ಣ ಕಣಗಳಾಗಿ ಒಡಮೂಡಿ, ಸ್ಫಟಿಕದ ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುತ್ತವೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಎಳೆದಾಗ ಮುರಿಯದೆ ಹಿಗ್ಗುವ ಉಕ್ಕಿನ ಗುಣ ಗಣನೀಯವಾಗಿ ತಗ್ಗುತ್ತದೆ.

ಕೋಟಿಂಗ್ ಮಾತ್ರ ಮೊದಲ ಸಲ ಕೈಕೊಟ್ಟಿತು. ಉತ್ಪಾದನೆ ಶುರುವಾದ ಮೂರನೆಯ ದಿನ ಗೇಟಿನ ಪಕ್ಕದಲ್ಲಿ ಉಗುರಿನ ತುದಿಯಷ್ಟು ಜಾಗದ ಬಂಗಾರದ ಬಣ್ಣ ಹಾರಿಹೋಗಿತ್ತು. ಎದ್ದುಬಂದ ಚಕ್ಕೆಯೊಂದನ್ನು ಮಗುಚಿ ನೋಡಿದರೆ ಅದರ ಬೆನ್ನಿಗೆ ಉಕ್ಕು ಅಂಟಿಕೊಂಡೇ ಇತ್ತು. ಕೋಟಿಂಗಿನ ಹಿಡಿತ ಸಡಿಲವಾಗಿರಲಿಲ್ಲ. ಅದು ಹಿಡಿದುಕೊಂಡಿದ್ದ ಉಕ್ಕೇ ಕಿತ್ತುಬಂದಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಪಕ್ಕೆಗಳ ಆಕಾರವನ್ನು ಇಡಿಎಂನಲ್ಲಿ (ವಿದ್ಯುತ್ ಕಿಡಿಗಳಿಂದ ಉಕ್ಕನ್ನು ಕೊರೆಯುವ ವಿಧಾನ) ತೆಗೆದು, ಆ ಮೇಲ್ಮೈಯನ್ನು ಹಾಗೆಯೇ ಕೋಟಿಂಗಿಗೆ ಕಳುಹಿಸಿದ್ದರು. ಕಿಡಿಯಿಂದ ಕರಗಿದ ಉಕ್ಕು ಎಣ್ಣೆಯಲ್ಲಿ ಥಟ್ಟನೆ ತಣಿದು, ಕೂದಲೆಳೆಯಂಥ ಬಿರುಕುಗಳುಳ್ಳ ಪೆಡಸಾದ ಪೊರೆಯಾಗಿ ಮೇಲೆ ಉಳಿಯುತ್ತದೆ. ಎಚ್ ಮಾಡಿದಾಗ ಬೆಳ್ಳಗೇ ಉಳಿಯುವುದರಿಂದ ನಮ್ಮವರು ಇದನ್ನು ವೈಟ್ ಲೇಯರ್ ಎನ್ನುತ್ತಾರೆ. ಎರಡು ಮೂರು ಮೈಕ್ರಾನ್ ದಪ್ಪದ ಲೇಪ ಎಷ್ಟೇ ಗಟ್ಟಿಯಿದ್ದರೂ ಇಂಥ ಪೊರೆಯ ಮೇಲೆ ಕೂತರೆ ಅದರ ಜೊತೆಗೇ ಏಳುತ್ತದೆ.

ಘಟಕದವರು ತಕರಾರಿಲ್ಲದೆ ಎರಡನೆಯ ಇನ್ಸರ್ಟನ್ನು ಸರಿಯಾದ ಕ್ರಮದಲ್ಲಿ ಮಾಡಿಕೊಟ್ಟರು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲು ಏಜಿಂಗ್, ಬಳಿಕ ಇಡಿಎಂ, ಆಮೇಲೆ ಬಿಳಿ ಪೊರೆ ಪೂರ್ತಿ ಹೋಗುವವರೆಗೆ ಪಾಲಿಶ್, ಕೊನೆಗೆ 450 ಡಿಗ್ರಿ ಮೀರದಂತೆ ಕೋಟಿಂಗ್. ಈ ಮಿತಿಗೆ ಕಾರಣವಿದೆ. ಕೋಟಿಂಗ್ ಕುಲುಮೆಯ ಕಾವು ಏಜಿಂಗಿನ ಕಾವನ್ನು ದಾಟಿದರೆ ಆ ಸಣ್ಣ ಕಣಗಳು ದಪ್ಪಗಾಗಿ, ಉಕ್ಕು ಮತ್ತೆ ಮೆತ್ತಗಾಗುತ್ತದೆ; ಮೆತ್ತನೆಯ ಉಕ್ಕಿನ ಮೇಲಿನ ಗಡಸು ಲೇಪ, ಹಾಸಿಗೆಯ ಮೇಲಿಟ್ಟು ಒತ್ತಿದ ಹಪ್ಪಳದಂತೆ ಮುರಿಯುತ್ತದೆ. ಜೊತೆಗೆ ಬಂದ ಮಾದರಿ ತುಂಡನ್ನು 150 ಕೆ.ಜಿ. ಭಾರದ ರಾಕ್‌ವೆಲ್ ವಜ್ರದ ಮೊನೆಯಿಂದ ಒತ್ತಿಸಿ ನೋಡಿದೆ: ಕುಳಿಯ ಸುತ್ತ ನಾಲ್ಕಾರು ಸಣ್ಣ ಗೆರೆಗಳಿದ್ದವು, ಚಕ್ಕೆ ಎದ್ದಿರಲಿಲ್ಲ. ಅಂದರೆ ಲೇಪದ ಹಿಡಿತ ಚೆನ್ನಾಗಿತ್ತು.

ಪ್ರಿಂಟಿಂಗಿಗೆ 5ಕ್ಕೆ 5, ಕೋಟಿಂಗಿಗೆ 3 ಅಂಕ. ಏಜಿಂಗಿನ ಕಾವು, ಕೋಟಿಂಗಿನ ಕಾವು, ಇಡಿಎಂ ನಂತರ ಎಷ್ಟು ಮೈಕ್ರಾನ್ ತೆಗೆದರು ಎಂಬುದನ್ನು ಕೇಳದೆಯೇ ಬರೆದುಕೊಡುವ ರೂಢಿ ಅವರಲ್ಲಿಲ್ಲ. ಆದ್ದರಿಂದ ಅಲ್ಲಿಗೆ ಹೋಗುವವರು ಈ ಮೂರನ್ನೂ ಆರ್ಡರಿನಲ್ಲಿಯೇ ನಮೂದಿಸಿ, ಮಾದರಿ ತುಂಡನ್ನು ಕೇಳಿ ಪಡೆಯಬೇಕು.