ಎಸ್‌ಕ್ಯೂಎಂ ಜೊತೆ ಎರಡು ವರ್ಷ: 14 ರೂಲ್‌ಗಳಲ್ಲಿ ಉಳಿದದ್ದು ಒಂದು

ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗಳಿಗೆಂದೇ ಇರುವ ಲಿನಕ್ಸ್ ತಂತ್ರಾಂಶ) ಹಾಕಿ, ಡೇಟಾದ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಬಳಸಲು ಶುರುಮಾಡಿ ಎರಡು ವರ್ಷ ದಾಟಿತು. ಅದಕ್ಕೂ ಮೊದಲು ರೂಟರ್ ಜೊತೆಗೇ ಬಂದಿದ್ದ ಕ್ಯೂಒಎಸ್ (ಯಾವ ಡೇಟಾಗೆ ಆದ್ಯತೆ ಎಂದು ಹೇಳುವ) ಪುಟದಲ್ಲಿ ಕೂತು 14 ರೂಲ್ ಬರೆದಿದ್ದೆ. ವಿಡಿಯೋ ಕಾಲ್ ಮೊದಲು, ಗೇಮ್ ಆಮೇಲೆ, ಡೌನ್‌ಲೋಡ್ ಕೊನೆಗೆ. ನೋಡಲು ಬಲು ಅಚ್ಚುಕಟ್ಟು! ಆದರೆ ಮನೆಯಲ್ಲಿ ಯಾರದೋ ಫೋನ್ ಫೋಟೋ ಬ್ಯಾಕಪ್ ಶುರುಮಾಡಿದರೆ ಸಾಕು, ಕಾಲ್‌ನಲ್ಲಿ ಮಾತು ತುಂಡು ತುಂಡು.

ಕಾರಣ ಗೊತ್ತಾಗಲು ತುಂಬ ದಿನ ಬೇಕಾಯಿತು. ಪ್ಯಾಕೆಟ್‌ಗಳು, ಅಂದರೆ ಡೇಟಾದ ಚಿಕ್ಕ ತುಂಡುಗಳು, ಸಾಲುಗಟ್ಟುತ್ತಿದ್ದದ್ದು ರೂಟರ್‌ನಲ್ಲಿ ಅಲ್ಲ, ಅದರಾಚೆ ಇರುವ ಮೋಡೆಮ್‌ನಲ್ಲಿ. ಸಾಲೇ ಇಲ್ಲದ ಕಡೆ ಯಾರನ್ನು ಮುಂದೆ ಬಿಡುವುದು? ಎಸ್‌ಕ್ಯೂಎಂನಲ್ಲಿ ವೇಗವನ್ನು ಲೈನ್‌ಗಿಂತ ಸ್ವಲ್ಪ ಕಡಿಮೆ ಇಟ್ಟರೆ ಆ ಸಾಲು ರೂಟರ್‌ಗೇ ಬರುತ್ತದೆ. ನನಗೆ ಅಪ್‌ಲೋಡ್ 20 ಎಂಬಿಪಿಎಸ್ ಸಿಗುತ್ತಿತ್ತು, 18 ಹಾಕಿದೆ. ಬ್ಯಾಕಪ್ ನಡೆಯುವಾಗ 300 ಮಿಲಿಸೆಕೆಂಡ್‌ಗೆ ಏರುತ್ತಿದ್ದ ಪಿಂಗ್ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) ಈಗ 30 ದಾಟುವುದು ಅಪರೂಪ.

ಮಿಕ್ಕ ಕೆಲಸ ಎಸ್‌ಕ್ಯೂಎಂ ಬಳಸುವ ಕೇಕ್ ಎಂಬ ಸಾಲು ನಿಭಾಯಿಸುವ ತಂತ್ರಾಂಶದ್ದು. 2018ರಲ್ಲಿ ಲಿನಕ್ಸ್ ಕರ್ನಲ್ 4.19ಕ್ಕೆ ಸೇರಿದ ಇದು ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ ಸರದಿಯಲ್ಲಿ ಬಿಡುತ್ತದೆ. ಹೋಸ್ಟ್‌ವಾರು, ಅಂದರೆ ಸಾಧನವಾರು ಹಂಚಿಕೆ ಆನ್ ಮಾಡಿದರೆ, ಟೊರೆಂಟ್ ಹಾಕಿದ ಒಂದು ಕಂಪ್ಯೂಟರ್ ಐವತ್ತು ಸಂಪರ್ಕ ತೆರೆದು ಎಲ್ಲರ ಪಾಲನ್ನೂ ನುಂಗಲು ಆಗುವುದಿಲ್ಲ. ಈ ಆಯ್ಕೆ ಮಾತ್ರ ಅಡ್ವಾನ್ಸ್ಡ್ ಪುಟದಲ್ಲಿ ಅಡಗಿ ಕೂತಿದೆ, ಯಾಕೋ ಗೊತ್ತಿಲ್ಲ.

ಹಳೆಯ ರೂಲ್‌ಗಳನ್ನು ಒಂದೊಂದಾಗಿ ತೆಗೆದೆ. ಬ್ರೌಸಿಂಗ್, ವಿಡಿಯೋ, ಡೌನ್‌ಲೋಡ್ ಎಲ್ಲವೂ ಪೋರ್ಟ್ 443 ಎಂಬ ಒಂದೇ ಬಾಗಿಲಲ್ಲಿ ಓಡಾಡುವಾಗ ಪೋರ್ಟ್ ನೋಡಿ ವಿಂಗಡಿಸಿ ಏನು ಪ್ರಯೋಜನ? ಫೋನ್‌ಗಳಂತೂ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನದ ಗುರುತು) ಬದಲಿಸಿಕೊಳ್ಳುತ್ತವೆ, ಅವುಗಳ ರೂಲ್ ಸುಮ್ನೆ ಬಿದ್ದಿತ್ತು. ಈಗ ಉಳಿದಿರುವುದು ಒಂದೇ: ನನ್ನ ಆಫೀಸ್ ಲ್ಯಾಪ್‌ಟಾಪ್‌ನ ಕಾಲ್ ಪ್ಯಾಕೆಟ್‌ಗಳಿಗೆ ಇಎಫ್, ಅಂದರೆ ಬೇಗ ಬಿಡಿ ಎಂದು ಪ್ಯಾಕೆಟ್ ಮೇಲೆ ಹಾಕುವ ಡಿಎಸ್‌ಸಿಪಿ 46 ಗುರುತು. ಇದಕ್ಕೆ ಎಸ್‌ಕ್ಯೂಎಂನಲ್ಲಿ ಲೇಯರ್ ಕೇಕ್ ಸ್ಕ್ರಿಪ್ಟ್ ಆರಿಸಬೇಕು, ಇನ್ನೊಂದು ಸ್ಕ್ರಿಪ್ಟ್ ಪೀಸ್ ಆಫ್ ಕೇಕ್ ಆ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೂ ಅಪ್‌ಲೋಡ್‌ಗೆ ಮಾತ್ರ. ಒಳಗೆ ಬರುವ ಪ್ಯಾಕೆಟ್‌ಗೆ ಫೈರ್‌ವಾಲ್ ಗುರುತು ಹಾಕುವಷ್ಟರಲ್ಲಿ ಅದು ಸಾಲು ದಾಟಿ ಬಂದಿರುತ್ತದೆ.

ಬೇಸರವೂ ಇದೆ. ಹಾರ್ಡ್‌ವೇರ್ ಆಫ್‌ಲೋಡ್ (ಸಿಪಿಯು ಬದಲು ಬೇರೆ ಸರ್ಕ್ಯೂಟ್ ಪ್ಯಾಕೆಟ್ ಸಾಗಿಸುವ ಸೌಲಭ್ಯ) ಬಂದ್ ಮಾಡಲೇಬೇಕು, ಆಗ ಪೂರ್ತಿ ಭಾರ ಸಿಪಿಯು ಮೇಲೆ. ಕನೆಕ್ಷನ್ 500 ಎಂಬಿಪಿಎಸ್‌ಗೆ ಏರಿಸಿದ ಮೇಲೆ ನನ್ನ ರೂಟರ್ 280ರ ಹತ್ತಿರವೇ ಸುಸ್ತಾಗುತ್ತದೆ. ವೈಫೈ ಸಿಗ್ನಲ್ ಸಿಗದ ಮೂಲೆಯ ಕೋಣೆಗೆ ಇದರಿಂದ ಏನೂ ಆಗಲಿಲ್ಲ, ಆಗುವುದೂ ಇಲ್ಲ. ಸದ್ಯ ಡೌನ್‌ಲೋಡ್ ಮಿತಿಯನ್ನು 260ಕ್ಕೆ ಇಳಿಸಿ ಅದೇ ರೂಟರ್‌ನಲ್ಲಿ ಮುಂದುವರಿಸಿದ್ದೇನೆ.