ಎಂ340ಐಗೆ ಎಕ್ಸಾಸ್ಟ್ ಹಾಕಿಸುವವರು 1,500 ಆರ್‌ಪಿಎಂನಲ್ಲಿ ಕೇಳಿ ನೋಡಿ

ಬಿಎಂಡಬ್ಲ್ಯು ಎಂ340ಐ ಎಷ್ಟು ವೇಗದ ಕಾರು ಅಂತ ಮತ್ತೆ ಹೇಳುವ ಅಗತ್ಯವಿಲ್ಲ. ನಾನು ಬರೆಯುತ್ತಿರುವುದು ಅದಕ್ಕೆ ಹಾಕಿಸಿದ ಏರ್ ಫಿಲ್ಟರ್ ಮತ್ತು ಎಕ್ಸಾಸ್ಟ್ (ಹೊಗೆ ಹೊರಬಿಡುವ ಪೈಪು) ಬಗ್ಗೆ ಮಾತ್ರ. ಪುಣೆಯ ಕೋಥ್ರೂಡ್‌ನಲ್ಲಿ ಮನೆ, ಹಿಂಜವಡಿಯಲ್ಲಿ ಆಫೀಸು, ಆಗಾಗ ಧಾರವಾಡದ ದಾರಿ. ಈ ಮೂರಕ್ಕೂ ಒಗ್ಗಬೇಕು ಅನ್ನೋದು ನನ್ನ ಲೆಕ್ಕ. ಟ್ರ್ಯಾಕ್‌ಗೆ ಹೋಗುವವರ ಲೆಕ್ಕ ಬೇರೆ ಇರಬಹುದು.

ಮೊದಲು ಇನ್‌ಟೇಕ್, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿ. ಅಂಗಡಿಯಲ್ಲಿ ಎಲ್ಲರಿಗೂ ತೋರಿಸುವುದು ದೊಡ್ಡ ಕೋನ್ ಫಿಲ್ಟರ್. ನೋಡೋಕೆ ಚೆಂದ. ಆದರೆ ಅದರ ಸುತ್ತ ಮುಚ್ಚಿದ ಡಬ್ಬಿ ಇಲ್ಲದಿದ್ದರೆ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಸಂಜೆ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಆಮೆವೇಗದಲ್ಲಿ ತೆವಳುವ ಕಾರಿಗೆ ಅದರಿಂದ ಏನು ಲಾಭ? ಕಂಪನಿಯ ಡಬ್ಬಿ ಮುಂದಿನಿಂದ ತಣ್ಣನೆ ಗಾಳಿ ತರುತ್ತದೆ. ಅದನ್ನು ಉಳಿಸಿಕೊಂಡು ಒಳಗಿನ ಕಾಗದದ ಫಿಲ್ಟರ್ ಬದಲು ಡ್ರೈ ಫಿಲ್ಟರ್ ಹಾಕಿಸಿದೆ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಬೇಡ ಅಂದೆ. ಎಣ್ಣೆ ಸ್ವಲ್ಪ ಜಾಸ್ತಿಯಾದರೂ ಗಾಳಿ ಅಳೆಯುವ ಸೆನ್ಸರ್ ಮೇಲೆ ಪದರ ಕೂತು ಲೆಕ್ಕ ತಪ್ಪಿಸಬಹುದು.

ಪವರ್ ಹೆಚ್ಚಾಯಿತಾ ಅಂತ ಕೇಳಿದರೆ, ನನಗೆ ಗೊತ್ತಾಗುವಷ್ಟು ಇಲ್ಲ. ಇಂಥ ಟರ್ಬೊ ಎಂಜಿನ್‌ನಲ್ಲಿ ಎಷ್ಟು ಟಾರ್ಕ್ (ತಿರುಗಿಸುವ ಬಲ) ಕೊಡಬೇಕು ಅಂತ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ತೀರ್ಮಾನಿಸುತ್ತದೆ. ಅದರ ಸಾಫ್ಟ್‌ವೇರ್ ಟ್ಯೂನ್ ಮುಟ್ಟದೆ ಬರೀ ಫಿಲ್ಟರ್ ಬದಲಿಸಿದರೆ ಟರ್ಬೊ ಗಾಳಿ ಎಳೆಯುವ ಸದ್ದು ತುಸು ಜಾಸ್ತಿ ಕೇಳುತ್ತದೆ, ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ನಿಜವಾದ ಖುಷಿ ಸಿಕ್ಕಿದ್ದು ಅದನ್ನು ಸ್ವಚ್ಛ ಮಾಡುವುದರಲ್ಲಿ. ಊರಿಂದ ಬಂದ ಮೇಲಿನ ಭಾನುವಾರ, ಕಾಫಿ ಮುಗಿಸಿ ಪಾರ್ಕಿಂಗ್‌ಗೆ ಇಳಿಯುತ್ತೇನೆ. ಡಬ್ಬಿ ಬಿಚ್ಚಿ, ಫಿಲ್ಟರನ್ನು ಹಳೆ ಪೇಪರ್ ಮೇಲೆ ಮಗುಚಿ ಮೆಲ್ಲಗೆ ತಟ್ಟುತ್ತೇನೆ. ನುಣ್ಣನೆ ಬೂದು ಧೂಳು ಬೀಳುತ್ತದೆ. ಕಬ್ಬಿನ ಸೀಸನ್ ಆಗಿದ್ದರೆ ಮಡಿಕೆಗಳಲ್ಲಿ ಕಪ್ಪು ಚೂರುಗಳೂ ಸಿಗುತ್ತವೆ. ಕರಾಡ, ಕೊಲ್ಲಾಪುರದ ಕಡೆ ಗದ್ದೆಯಲ್ಲಿ ಸುಟ್ಟ ರವದಿಯ ಬೂದಿ ಅದು. ಬೆರಳಲ್ಲಿ ಮುಟ್ಟಿದರೆ ಪುಡಿಯಾಗುತ್ತದೆ. ಟಾರ್ಚ್ ಹಿಡಿದು ಮಡಿಕೆ ಮಡಿಕೆ ನೋಡಿ, ಮೆತ್ತನೆ ಬ್ರಷ್ ಆಡಿಸಿ ವಾಪಸ್ ಕೂರಿಸುತ್ತೇನೆ. ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಬಿಡಬೇಡಿ, ಫಿಲ್ಟರ್ ಹರಿಯುತ್ತದೆ.

ಇನ್ನು ಎಕ್ಸಾಸ್ಟ್. ಟರ್ಬೊದಿಂದ ಹೊರಡುವ ಮೊದಲ ಪೈಪು, ಅಂದರೆ ಡೌನ್‌ಪೈಪ್, ಮುಟ್ಟಲಿಲ್ಲ. ಈ ಎಂಜಿನ್‌ನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಟರ್ಬೊ ಪಕ್ಕದಲ್ಲೇ ಇದೆ. ಅದನ್ನು ಕಿತ್ತರೆ ಹೊಗೆಯ ವಾಸನೆ, ಚೆಕ್ ಎಂಜಿನ್ ಲೈಟ್, ಪಿಯುಸಿ (ಹೊಗೆ ತಪಾಸಣೆ) ತಲೆನೋವು. ಊರವರೆಲ್ಲ ಉಸಿರಾಡುವ ಗಾಳಿಯನ್ನು ನನ್ನ ಶೋಕಿಗೆ ಕೆಡಿಸುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಟ್‌ನಿಂದ ಹಿಂದಕ್ಕೆ ಮಾತ್ರ, ತೆರೆದರೆ ಸದ್ದು ಹೆಚ್ಚಿಸುವ, ಮುಚ್ಚಿದರೆ ತಗ್ಗಿಸುವ ವಾಲ್ವ್ ಇರುವ ಸ್ಟೀಲ್ ಕಿಟ್ ಆರಿಸಿದೆ. ಕೂಲಿ ಸೇರಿ ಎರಡೂವರೆ ಲಕ್ಷದ ಹತ್ತಿರ ಬಿತ್ತು.

ಮೊದಮೊದಲು ಸಂತೋಷವೋ ಸಂತೋಷ. ಸಾತಾರಾ ಕಡೆಯಿಂದ ಪುಣೆಗೆ ಬರುವಾಗ ಖಂಬಾಟ್ಕಿ ಸುರಂಗ ಸಿಗುತ್ತದೆ ಅಲ್ವಾ, ಅಲ್ಲಿ ಕಿಟಕಿ ಇಳಿಸಿ ಮೂರನೇ ಗೇರಿಗೆ ಹಾಕಿ ನೋಡಿ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್‌ನ ಸದ್ದು ಎಲ್ಲೂ ಒಡೆಯದೆ ಏರುತ್ತಾ ಹೋಗುತ್ತದೆ. ಸ್ಪೀಕರಿನಿಂದ ಬರುವ ಸದ್ದಲ್ಲ, ಪೈಪಿನಿಂದ ಬರುವ ಸದ್ದು. ಮೈ ಜುಮ್ಮೆನ್ನುತ್ತದೆ.

ಆಮೇಲೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಧಾರವಾಡಕ್ಕೆ ಹೊರಟೆ. ಕರಾಡ ದಾಟುವ ಹೊತ್ತಿಗೆ ಹಿಂದಿನ ಸೀಟಿನಿಂದ ಅಪ್ಪ, "ಏನೋ ಇದು, ಕಿವ್ಯಾಗ ಗುಂಯ್ ಅನ್ನಾಕತ್ತೈತಿ" ಅಂದರು. ಅಮ್ಮ ಮಾತೇ ನಿಲ್ಲಿಸಿ ಹಣೆ ಒತ್ತಿಕೊಳ್ಳುತ್ತಿದ್ದರು. ವಾಲ್ವ್ ಮುಚ್ಚಿದ್ದರೂ ಹೀಗೆ. ಹಿಟ್ಟಿನ ಗಿರಣಿಯ ಗೋಡೆಗೆ ತಲೆ ಕೊಟ್ಟು ಕೂತ ಹಾಗಿತ್ತು. ಜೋರಿಲ್ಲ, ಆದರೆ ನಿಲ್ಲುವುದೂ ಇಲ್ಲ. ಡ್ರೋನ್ ಅಂತ ಎಲ್ಲರೂ ಹೇಳುವುದು ಇದನ್ನೇ.

ಲೆಕ್ಕ ಸುಲಭ. ಎಂಟನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಹೋಗುವಾಗ ಎಂಜಿನ್ ತಿರುಗುವುದು 1,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿ. ಅಂದರೆ ಸೆಕೆಂಡಿಗೆ 25 ಸುತ್ತು. ಆರು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಮೂರು ಸಲ ಫೈರ್ ಆಗುತ್ತದೆ. ಹಾಗಾಗಿ ಸೆಕೆಂಡಿಗೆ 75 ಸಲ, ಅಂದರೆ 75 ಹರ್ಟ್ಸ್. ಇಂಥ ತಗ್ಗಿನ ಸದ್ದನ್ನು ಕಾರಿನ ಮ್ಯಾಟ್, ಸೀಟಿನ ಸ್ಪಂಜು ಹೀರಿಕೊಳ್ಳುವುದಿಲ್ಲ. ಕ್ಯಾಬಿನ್ನಿನ ಒಳಗೆ ಅನುರಣಿಸಿ ದೊಡ್ಡದಾಗುತ್ತದೆ. ಹೈವೇಯಲ್ಲಿ ನಾವು ಗಂಟೆಗಟ್ಟಲೆ ಇರುವುದು ಇದೇ ಆರ್‌ಪಿಎಂನಲ್ಲಿ. ಅಂಗಡಿಯವರು ಕೇಳಿಸುವುದು ಮಾತ್ರ ನಿಂತ ಕಾರಿನ ಆಕ್ಸಿಲರೇಟರ್ ಒತ್ತಿ.

ಕಿಟ್ ಹಾಕಿದ ಗ್ಯಾರೇಜಿಗೆ ಹೋದೆ. ಡ್ರೋನ್ ಬರಲ್ಲ ಅಂತ ಬಾಯಿಬಿಟ್ಟು ಹೇಳಿದ್ದವರು ಅವರೇ. ಈಗ "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ ಸರ್" ಅಂದರು. ತಿಂಗಳುಗಳು ಕಳೆದರೂ ಸರಿಹೋಗಲಿಲ್ಲ. ಮತ್ತೆ ಕೇಳಿದರೆ ಫೋನೇ ಎತ್ತಲಿಲ್ಲ. ಇಷ್ಟು ದುಡ್ಡು ಎಣಿಸಿಕೊಂಡವರು ಒಮ್ಮೆಯಾದರೂ ಹಿಂದಿನ ಸೀಟಿನಲ್ಲಿ ಕೂತು ಬರಬೇಕಿತ್ತು. ಈ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ.

ಭೋಸರಿಯಲ್ಲಿ ಪೈಪ್ ಕೆಲಸ ಮಾಡುವ ಒಬ್ಬರು ಕೂತರು. ನಾಸಿಕ್ ರಸ್ತೆಯಲ್ಲಿ ನಾನು ಓಡಿಸುತ್ತಿದ್ದರೆ ಅವರು ಹಿಂದಿನ ಸೀಟಿನಿಂದ ಫೋನ್ ಆ್ಯಪ್‌ನಲ್ಲಿ ಸದ್ದಿನ ಗೆರೆ ನೋಡುತ್ತಿದ್ದರು. 75ರ ಹತ್ತಿರ ಒಂದೇ ಗೆರೆ ಎದ್ದು ನಿಂತಿತ್ತು. ಆ ಸದ್ದನ್ನು ಕೊಲ್ಲಲು ತುದಿ ಮುಚ್ಚಿದ ಪಕ್ಕದ ಪೈಪ್ ಬೆಸೆಯುವ ಪದ್ಧತಿ ಇದೆ. ಒಳಗೆ ಹೋದ ಅಲೆ ತುದಿಗೆ ಬಡಿದು ತಿರುಗಿ ಬಂದು ಮೂಲ ಅಲೆಯನ್ನು ರದ್ದು ಮಾಡುತ್ತದೆ. ಆದರೆ 75 ಹರ್ಟ್ಸ್‌ಗೆ ಆ ಪೈಪ್ ಒಂದೂವರೆ ಮೀಟರ್ ಹತ್ತಿರ ಉದ್ದ ಬೇಕು. ಕಾರಿನ ಕೆಳಗೆ ಜಾಗ ಎಲ್ಲಿದೆ? ಅದಕ್ಕೆ ಅವರು ಸಣ್ಣ ಕುತ್ತಿಗೆಯ ಮುಚ್ಚಿದ ಡಬ್ಬಿ ಮಾಡಿ ಪಕ್ಕಕ್ಕೆ ಬೆಸೆದರು. ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್ ಅದು. ಬೆಸುಗೆಯ ಗೆರೆ ಎಷ್ಟು ನೀಟಾಗಿದೆ ಅಂದರೆ ಲಿಫ್ಟ್ ಕೆಳಗೆ ನಿಂತು ಸುಮ್ನೆ ನೋಡುತ್ತಾ ನಿಂತೆ.

ಈಗ 100ರಲ್ಲಿ ಪಿಸುಮಾತು ಹಿಂದಿನ ಸೀಟಿಗೆ ಕೇಳುತ್ತದೆ. ಸುರಂಗದ ಸದ್ದು ಎಳ್ಳಷ್ಟೂ ಕಡಿಮೆಯಾಗಿಲ್ಲ. ಸ್ಟಾರ್ಟ್ ಮಾಡಿದಾಗ ವಾಲ್ವ್ ತೆರೆದೇ ಇರುತ್ತಿತ್ತು, ಅದನ್ನೂ ಮುಚ್ಚಿದ ಸ್ಥಿತಿಗೆ ಬದಲಿಸಿಕೊಟ್ಟರು. ತಣ್ಣಗಿರುವ ಎಂಜಿನ್ ಕ್ಯಾಟ್ ಬಿಸಿ ಮಾಡಲು ಮೊದಲು ಸ್ವಲ್ಪ ಹೊತ್ತು ಜೋರಾಗಿ ತಿರುಗುತ್ತದೆ. ಬೆಳಗ್ಗೆ ಬೇಸ್‌ಮೆಂಟಿನಲ್ಲಿ ಆರ್‌ಪಿಎಂ ಮುಳ್ಳು ಇಳಿಯುವವರೆಗೆ ಕಾದು ಹೊರಡುತ್ತೇನೆ. ಮೇಲಿನ ಮನೆಯ ಕೂಸು ಏಳುವುದಿಲ್ಲ. ವಾಚ್‌ಮನ್ ಕಾಕಾ ಮೊದಲಿನ ಹಾಗೆ ನಗುತ್ತಾ ಗೇಟು ತೆಗೆಯುತ್ತಾರೆ.

ಕಾನೂನಿನ ಮಾತೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ವಿನ್ಯಾಸ ಬದಲಿಸುವುದಕ್ಕೆ ಮಿತಿ ಹಾಕುತ್ತದೆ. ಸದ್ದಿನ ಮಿತಿ ಮೀರಿದರೆ 190(2)ರ ಅಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ. ಪೊಲೀಸರು ಬುಲೆಟ್ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದನ್ನು ಸುದ್ದಿಯಲ್ಲಿ ನೋಡಿರುತ್ತೀರಿ. ಕಂಪನಿಯ ಹಳೆ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ನನ್ನದು ಪ್ಲಾಸ್ಟಿಕ್ ಸುತ್ತಿಕೊಂಡು ಬಾಲ್ಕನಿಯಲ್ಲಿದೆ, ಕಾರು ಮಾರುವ ದಿನ ವಾಪಸ್ ಹಾಕಿಸಲು ಬೇಕು. ಕಿಟ್ ಕೊಳ್ಳುವುದಿದ್ದರೆ ಅದೇ ಕಿಟ್ ಹಾಕಿಸಿದವರ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ, ಹೈವೇ ಮೇಲೆ ಅರ್ಧ ಗಂಟೆ ಕೂತು ಬನ್ನಿ. ದುಡ್ಡು ಆಮೇಲೆ ಕೊಡಿ.